ಕಡಲಿನ ಕಡೆಯಿಂದ ಚರಿತ್ರೆ ಬರೆದ ಸರ್ದಾರ್ ಪಣಿಕ್ಕರ್

ತಾಂಬರಂನಿಂದ ಬೀಚ್ ನಿಲ್ದಾಣದ ಕಡೆಗೆ ಹೋಗುವ ವಿದ್ಯುತ್ ರೈಲಿನಲ್ಲಿ ದಿನಂಪ್ರತಿ ಪ್ರಯಾಣ ಮಾಡುವ ನಮ್ಮ ವಾಚಕರು ಪಲ್ಲಾವರಂ, ಮೀನಂಬಾಕ್ಕಂ, ಪಳವಂತಾಂಗಲ್‌ಗಳನ್ನು ದಾಟಿದ ಮೇಲೆ ಬರುವ ಒಂದು ನಿಲ್ದಾಣದ ಹಲಗೆಯನ್ನು ಗಮನಿಸಿರಬಹುದು. ಇಂಗ್ಲಿಷಿನಲ್ಲಿ ಅದರ ಹೆಸರು ಸೇಂಟ್ ಥಾಮಸ್ ಮೌಂಟ್. ತಮಿಳಿನಲ್ಲಿ ಪರಂಗಿಮಲೈ, ಅಂದರೆ ಪರಂಗಿಯವರ ಬೆಟ್ಟ. ಪರಂಗಿಯವರೆಂದರೆ ಮೊದಲಿಗೆ ಪೋರ್ಚುಗೀಸರು. 16ನೆಯ ಶತಮಾನದಲ್ಲಿ ಅವರು ಮೈಲಾಪುರದ ಕಡಲತೀರದಲ್ಲಿ ಸಾಂತೋಮ್ ಎಂಬ ಊರನ್ನು ಕಟ್ಟಿಕೊಂಡು, ಈ ಬೆಟ್ಟದ ಮೇಲೆ ಒಂದು ಇಗರ್ಜಿಯನ್ನೆಬ್ಬಿಸಿ ನೆಲಸಿದ್ದರು. ಆಂಗ್ಲೇಯರು ಮದರಾಸಿನಲ್ಲಿ ಕೋಟೆಗೆ ಕಲ್ಲಿಟ್ಟುದು ಅದಾದ ನೂರು ವರ್ಷಗಳಿಗೂ ಹೆಚ್ಚು ಕಾಲದ ತರುವಾಯ. ಪರಂಗಿಯವರು ಹೋದರು, ಆಂಗ್ಲೇಯರೂ ಹೋದರು. ರೈಲು ನಿಲ್ದಾಣದ ಹಲಗೆಯ ಮೇಲೆ ಹೆಸರು ಮಾತ್ರ ಉಳಿದಿದೆ.

ಆ ಪರಂಗಿಯವರು ನಮ್ಮ ದೇಶಕ್ಕೆ ಏಕೆ ಬಂದರು, ಬೆರಳೆಣಿಕೆಯ ಹಡಗುಗಳಿಂದ ಇಷ್ಟು ದೊಡ್ಡ ಸಮುದ್ರವನ್ನು ಹೇಗೆ ಹಿಡಿದರು ಎಂಬುದನ್ನು ಅವರ ದೇಶಕ್ಕೇ ಹೋಗಿ, ಅವರ ಕಾಗದಪತ್ರಗಳನ್ನೇ ಶೋಧಿಸಿ ಬರೆದ ಚರಿತ್ರೆಯ ಪ್ರಾಧ್ಯಾಪಕರೊಬ್ಬರ ಜೀವನವನ್ನು ಇಂದು ವಾಚಕರ ಮುಂದಿಡಲು ಅಪೇಕ್ಷಿಸಿದ್ದೇವೆ. ಅವರೇ ಸರ್ದಾರ್ ಕಾವಾಲಂ ಮಾಧವ ಪಣಿಕ್ಕರ್. ಅವರು ಓದಿದ ಮದರಾಸ್ ಕ್ರಿಶ್ಚಿಯನ್ ಕಾಲೇಜು ಈಗ ನಮ್ಮ ಪೂರ್ವ ತಾಂಬರಂನಲ್ಲಿದೆ. ಅವರು ಕೊನೆಯುಸಿರೆಳೆದುದು ಮೈಸೂರು ನಗರದಲ್ಲಿ. ಈ ಎರಡರ ನಡುವೆ ಕನ್ನಡಿಗರಿಗೂ ಅವರಿಗೂ ಒಂದು ಕಹಿಯಾದ ಸಂಬಂಧವೂ ಏರ್ಪಟ್ಟಿತು. ಕಾಸರಗೋಡಿನ ಕಡೆಯ ನಮ್ಮ ಹಿರಿಯರಲ್ಲಿ ಆ ಹೆಸರನ್ನು ಕೇಳಿದೊಡನೆ ಮುಖ ಗಂಟಿಕ್ಕುವವರುಂಟು. ಕನ್ನಡ ಪತ್ರಿಕೆಯಲ್ಲಿ ಅವರ ಚರಿತ್ರೆಗೆ ಸ್ಥಳವೇಕೆ ಎಂದು ಅವರು ಕೇಳಿದರೆ ಆ ಪ್ರಶ್ನೆ ಅನ್ಯಾಯವಾದುದಲ್ಲ. ಆ ವಿಷಯವನ್ನು ಮುಚ್ಚಿಡದೆ ಅದರ ಸ್ಥಾನದಲ್ಲಿ ಹೇಳುತ್ತೇವೆ.

ಪಣಿಕ್ಕರರು 1895ನೆಯ ಇಸವಿ ಜೂನ್ 3ರಂದು ತಿರುವಾಂಕೂರು ಸಂಸ್ಥಾನದ ಕುಟ್ಟನಾಡಿಗೆ ಸೇರಿದ ಕಾವಾಲಂ ಗ್ರಾಮದಲ್ಲಿ ಜನಿಸಿದರು. ಕುಟ್ಟನಾಡು ನೀರಿನ ಸೀಮೆ. ವೆಂಬನಾಡು ಹಿನ್ನೀರಿನ ಅಂಚಿನಲ್ಲಿ, ಸಮುದ್ರಮಟ್ಟಕ್ಕಿಂತಲೂ ತಗ್ಗಾದ ನೆಲದಲ್ಲಿ, ಒಡ್ಡು ಕಟ್ಟಿ ನೀರನ್ನು ಹೊರಗೆ ಹಾಯಿಸಿ ಭತ್ತ ಬೆಳೆಯುವ ಊರುಗಳವು. ಅಲ್ಲಿಯ ಜನರಿಗೆ ನಮ್ಮ ಕಡೆಯ ಎತ್ತಿನ ಗಾಡಿಯ ಸ್ಥಾನದಲ್ಲಿ ದೋಣಿ. ನೀರಿನ ದಾರಿಯೇ ದಾರಿಯೆಂದು ಬಾಲ್ಯದಲ್ಲಿ ಕಂಡವರು ಮುಂದೆ ಸಮುದ್ರವನ್ನು ದೇಶದ ಎಲ್ಲೆಯೆಂದು ತಿಳಿಯದೆ ದೇಶದ ಹೆಬ್ಬಾಗಿಲೆಂದು ತಿಳಿದುದರಲ್ಲಿ ಆಶ್ಚರ್ಯವೇನಿದೆ? ಮಾತೃಭಾಷೆಯಾದ ಮಲಯಾಳದಲ್ಲಿ ಅವರಿಗೆ ಎಳವೆಯಿಂದಲೂ ಪ್ರೀತಿ. ಮಹಾಕವಿ ವಳ್ಳತ್ತೋಳರು ಅವರ ಆಪ್ತಮಿತ್ರರಾಗಿದ್ದರು.

ಕೋಟ್ಟಯಂನಲ್ಲಿಯೂ ಮದರಾಸಿನಲ್ಲಿಯೂ ಶಾಲಾವಿದ್ಯಾಭ್ಯಾಸವನ್ನು ಮುಗಿಸಿ ಅವರು ಮದರಾಸ್ ಕ್ರಿಶ್ಚಿಯನ್ ಕಾಲೇಜಿಗೆ ಸೇರಿದರು. ಆ ಕಾಲದಲ್ಲಿ ಕಾಲೇಜು ತಾಂಬರಂನಲ್ಲಿರಲಿಲ್ಲವೆಂಬುದನ್ನು ಜ್ಞಾಪಿಸಬೇಕು. 1837ರಲ್ಲಿ ಒಂದು ಶಾಲೆಯಾಗಿ ಹುಟ್ಟಿದ ಆ ಸಂಸ್ಥೆಯು ಜಾರ್ಜ್ ಟೌನಿನಲ್ಲಿ, ಹೈಕೋರ್ಟಿನ ಎದುರಿಗೆ, ಬಂದರಿಗೆ ಕೂಗಳತೆಯಲ್ಲಿ ಬೆಳೆದು, ಸರಿಯಾಗಿ ನೂರು ವರ್ಷ ತುಂಬಿದಾಗ, 1937ರಲ್ಲಿ, ತಾಂಬರಂನ ಸೇಲೈಯೂರು ಕಾಡಿಗೆ ಬಂದು ನೆಲಸಿತು. ಈಗ ಜಿಂಕೆಗಳು ಓಡಾಡುವ ಆ ವಿಶಾಲವಾದ ವನದಲ್ಲಿ ಪಣಿಕ್ಕರರು ಪಾಠ ಕೇಳಿದವರಲ್ಲ. ಹಡಗುಗಳ ಕೂಗು ಕೇಳಿಸುತ್ತಿದ್ದ ಹಳೆಯ ಕಟ್ಟಡದಲ್ಲಿ ಕೇಳಿದವರು.

1914ರಲ್ಲಿ ಅವರು ವಿಲಾಯಿತಿಗೆ ತೆರಳಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಚರಿತ್ರೆಯ ವ್ಯಾಸಂಗಕ್ಕೆ ತೊಡಗಿದರು. ಅದೇ ವರ್ಷ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಸ್ವದೇಶಕ್ಕೆ ಮರಳಿದ ಅವರಿಗೆ ಉದ್ಯೋಗ ದೊರೆತುದು ದೂರದ ಅಲೀಗಢದಲ್ಲಿ. ಸರ್ ಸೈಯದ್ ಅಹಮದ್ ಖಾನರು ಸ್ಥಾಪಿಸಿದ, 1920ರಲ್ಲಿ ವಿಶ್ವವಿದ್ಯಾಲಯವಾಗಿ ಪರಿಣಮಿಸಿದ ಆ ಕಾಲೇಜಿನಲ್ಲಿ ಪಣಿಕ್ಕರರು ಚರಿತ್ರೆಯ ಪ್ರಾಧ್ಯಾಪಕರಾದರು. ಸಮುದ್ರಕ್ಕೆ ನೂರಾರು ಮೈಲು ದೂರವಾದ, ಮೊಗಲರ ನೆನಪು ಇನ್ನೂ ಆರದ ಆ ಬಯಲುಸೀಮೆಯಲ್ಲಿ ಮಲಬಾರಿನ ಕಡೆಯ ಒಬ್ಬ ತರುಣನು ಪೀಠವೇರಿ ಭಾರತದ ಚರಿತ್ರೆಯನ್ನು ಬೋಧಿಸುವ ಸನ್ನಿವೇಶವನ್ನು ವಾಚಕರು ಊಹಿಸಿಕೊಳ್ಳಬೇಕು. ಅಲ್ಲಿಯವರ ದೃಷ್ಟಿಯಲ್ಲಿ ಈ ದೇಶಕ್ಕೆ ಒಂದೇ ಬಾಗಿಲು, ಅದು ಖೈಬರ್ ಕಣಿವೆ. ಆರ್ಯರಿಂದ ಮೊದಲುಗೊಂಡು ನಾದಿರ್ ಶಹನ ವರೆಗೆ ಬಂದವರೆಲ್ಲ ಆ ಬಾಗಿಲಿನಿಂದಲೇ ಬಂದವರು. ಎಸ್.ಎಸ್.ಎಲ್.ಸಿ. ವರೆಗೆ ಮಾತ್ರ ಓದಿದ ಈ ಲೇಖಕನಿಗೂ ಶಾಲೆಯಲ್ಲಿ ಕಲಿಸಿದುದು ಅದೇ ಚರಿತ್ರೆ. ಪಾಣಿಪತ್ತಿನ ಮೂರು ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡಿದ್ದೆವು. ನಮ್ಮ ಮನೆಯ ಹಿತ್ತಲಿನಂತಿದ್ದ ಬಸರೂರಿನಲ್ಲಿ ಪೋರ್ಚುಗೀಸರ ಕೋಟೆಯಿತ್ತೆಂಬುದನ್ನು ಯಾರೂ ಹೇಳಿರಲಿಲ್ಲ.

ಅಲೀಗಢದ ಪ್ರಾಧ್ಯಾಪಕತ್ವ ಬಹಳ ಕಾಲ ನಡೆಯಲಿಲ್ಲ. ಅಸಹಕಾರ ಚಳವಳಿಯ ಕಾವು ದೇಶವನ್ನು ವ್ಯಾಪಿಸಿದ್ದ ಕಾಲ. ಪಣಿಕ್ಕರರು ಅಧ್ಯಾಪಕ ವೃತ್ತಿಯನ್ನು ತೊರೆದು ಮದರಾಸಿಗೆ ಬಂದು ಟಂಗುಟೂರಿ ಪ್ರಕಾಶಂ ಪಂತುಲು ಅವರು ನಡೆಸುತ್ತಿದ್ದ ‘ಸ್ವರಾಜ್ಯ’ ಎಂಬ ಇಂಗ್ಲಿಷ್ ದಿನಪತ್ರಿಕೆಯ ಸಂಪಾದಕ ವರ್ಗವನ್ನು ಸೇರಿದರು. ತರುವಾಯ ಪಂಜಾಬಿನ ಅಕಾಲಿ ಚಳವಳಿಯ ಸಂಬಂಧದಲ್ಲಿ ಅಮೃತಸರಕ್ಕೆ ಹೋದರು. 1924ರಲ್ಲಿ ದಿಲ್ಲಿಯಲ್ಲಿ ‘ಹಿಂದುಸ್ಥಾನ್ ಟೈಮ್ಸ್’ ಪ್ರಾರಂಭವಾದಾಗ ಅದರ ಮೊದಲ ಸಂಪಾದಕರಾದರು. ಪತ್ರಿಕೆಯ ಕಷ್ಟಸುಖಗಳನ್ನು ಬಲ್ಲ ನಮಗೆ ಅವರ ಮೇಲೆ ಮಮತೆ ಹುಟ್ಟಲು ಇದೂ ಒಂದು ಕಾರಣವೆಂದು ಒಪ್ಪಿಕೊಳ್ಳುತ್ತೇವೆ. ಅಲ್ಲಿಯೂ ಅವರು ನೆಲೆ ನಿಲ್ಲಲಿಲ್ಲ. ಪುನಃ ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರ್ ಪರೀಕ್ಷೆಗೆ ಓದಿದರು.

ಸ್ವದೇಶಕ್ಕೆ ಹಿಂದಿರುಗುವ ಮೊದಲು ಅವರು ಮಾಡಿದ ಕಾರ್ಯವೇ ಅವರ ಹೆಸರನ್ನು ನಿಲ್ಲಿಸಿತು. ಪೋರ್ಚುಗಲ್ ಮತ್ತು ಹಾಲೆಂಡ್ ದೇಶಗಳಿಗೆ ಹೋಗಿ ಮಲಬಾರಿಗೂ ಆ ದೇಶಗಳಿಗೂ ಇದ್ದ ಸಂಬಂಧದ ದಾಖಲೆಗಳನ್ನು ಶೋಧಿಸಿದರು. ಫಲವಾಗಿ 1929ರಲ್ಲಿ ‘ಮಲಬಾರ್ ಮತ್ತು ಪೋರ್ಚುಗೀಸರು’ ಎಂಬ ಅರ್ಥದ ಹೆಸರಿನ ಇಂಗ್ಲಿಷ್ ಗ್ರಂಥವೂ, 1931ರಲ್ಲಿ ಮಲಬಾರ್ ಮತ್ತು ಡಚ್ಚರ ವಿಷಯವಾದ ಇನ್ನೊಂದು ಗ್ರಂಥವೂ ಪ್ರಕಟವಾದುವು. ಆಳಿದವರ ಕಡತಗಳನ್ನು ಆಳಿಸಿಕೊಂಡವರ ಮಗನೊಬ್ಬನು ಓದಿ, ಸಾಕ್ಷ್ಯ ವಿಚಾರಿಸುವ ವಕೀಲನಂತೆ ಪ್ರಶ್ನೆ ಕೇಳಿದುದು ಆ ಕಾಲಕ್ಕೆ ಅಪೂರ್ವವಾದ ಸಂಗತಿ.

ಆ ಕಡತಗಳಲ್ಲಿ ಇದ್ದುದೇನು? ವಾಸ್ಕೊ ಡ ಗಾಮನು 1498ನೆಯ ಇಸವಿ ಮೇ ತಿಂಗಳಲ್ಲಿ ಕಲ್ಲಿಕೋಟೆಗೆ ಬಂದುದು ಶಾಲೆಯ ಹುಡುಗರಿಗೂ ತಿಳಿದ ವಿಷಯ. ಆದರೆ ಅವನು ಅಲ್ಲಿಯ ದೊರೆಯಾದ ಸಾಮೂದಿರಿಗೆ ತಂದ ಕಾಣಿಕೆ ಏನೆಂಬುದು ಎಲ್ಲರಿಗೂ ತಿಳಿದಿರಲಾರದು. ಕೆಲವು ಟೊಪ್ಪಿಗೆಗಳು, ಕೈತೊಳೆಯುವ ಬೋಗುಣಿಗಳು, ಹವಳದ ಸರಗಳು, ಸ್ವಲ್ಪ ಸಕ್ಕರೆ, ಎಣ್ಣೆ, ಜೇನು. ಅರಬಸ್ಥಾನ, ಚೀನ, ಗುಜರಾತುಗಳ ವರ್ತಕರು ನೆರೆಯುತ್ತಿದ್ದ ಆ ಸಂಪದ್ಭರಿತವಾದ ಪೇಟೆಯಲ್ಲಿ ರಾಜಾಧಿಕಾರಿಗಳು ಅದನ್ನು ಕಂಡು ನಕ್ಕರು. ವ್ಯಾಪಾರದಲ್ಲಿ ಸರಿಸಮನಾಗಿ ನಿಲ್ಲಲು ಪರಂಗಿಯವರಲ್ಲಿ ಸರಕಿರಲಿಲ್ಲ. ಅವರಲ್ಲಿ ಇದ್ದುದು ಹಡಗಿನ ಮೇಲೆ ಹೂಡಿದ ಫಿರಂಗಿ. ಆದಕಾರಣ ಅವರು ವ್ಯಾಪಾರದ ನಿಯಮವನ್ನೇ ಬದಲಾಯಿಸಿದರು.

ಅದುವರೆಗೆ ಹಿಂದೂ ಮಹಾಸಾಗರದ ದಾರಿ ಯಾರ ಸೊತ್ತೂ ಆಗಿರಲಿಲ್ಲ. ರೇವಿನಲ್ಲಿ ಅಲ್ಲಿಯ ದೊರೆಗೆ ಸುಂಕ ಕೊಟ್ಟರೆ ಮುಗಿಯಿತು; ನಡುಗಡಲಿನಲ್ಲಿ ಕೇಳುವವರಿಲ್ಲ. ಪೋರ್ಚುಗೀಸರು ಸಮುದ್ರವೇ ತಮ್ಮ ಅರಸನದೆಂದು ಸಾರಿ, ಹಡಗು ಹೊರಡಬೇಕಾದರೆ ತಮ್ಮಿಂದ ‘ಕರ್ತಾಸ್’ ಎಂಬ ರಹದಾರಿ ಚೀಟಿಯನ್ನು ಪಡೆಯಬೇಕೆಂದು ಕಟ್ಟುಮಾಡಿದರು. ಚೀಟಿಯಲ್ಲಿ ಹಡಗು ಎಲ್ಲಿಗೆ ಹೋಗುತ್ತದೆ, ಯಾವ ಸರಕನ್ನು ಒಯ್ಯಬಾರದು ಎಂಬುದೆಲ್ಲವೂ ಬರೆದಿರುತ್ತಿತ್ತು. ಚೀಟಿಯ ಶುಲ್ಕ ದೊಡ್ಡದಲ್ಲ. ಆದರೆ ದಾರಿಯಲ್ಲಿ ಅವರ ಕೋಟೆಯಿರುವ ಬಂದರಿಗೆ ಹೋಗಿ ಸುಂಕ ತೆರಬೇಕಾಗಿತ್ತು. ಚೀಟಿಯಿಲ್ಲದ ಹಡಗು ಸಿಕ್ಕಿದರೆ ಸರಕನ್ನು ಕಿತ್ತುಕೊಳ್ಳುತ್ತಿದ್ದರು, ಮುಳುಗಿಸಿದುದೂ ಉಂಟು. 1502ರಲ್ಲಿ ಗಾಮನು ಎರಡನೆಯ ಬಾರಿ ಬಂದಾಗ ಮೆಕ್ಕದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು ಹೆಂಗಸರು ಮಕ್ಕಳ ಸಹಿತವಾಗಿ ಸುಟ್ಟನು. ಇದನ್ನು ಬರೆದಿಟ್ಟವರು ಪೋರ್ಚುಗೀಸ್ ಚರಿತ್ರಕಾರರೇ. ನಮ್ಮ ಗುಮಾಸ್ತ ಮಿತ್ರರು ಪರವಾನಗಿ, ಪಾಸು, ಮೊಹರುಗಳ ನಡುವೆ ಬಾಳುವವರು. ತಾವು ಹುಟ್ಟಿದ ಮನೆಯಂಗಳದಲ್ಲಿ ನಡೆಯುವುದಕ್ಕೆ ಹೊರಗಿನವನಿಂದ ಪಾಸು ಪಡೆಯಬೇಕಾದರೆ ಹೇಗಿರುತ್ತದೆಂಬುದು ಅವರಿಗೆ ಬೇಗನೆ ತಿಳಿದೀತು.

ಪಣಿಕ್ಕರರು ಎತ್ತಿ ತೋರಿಸಿದ ಇನ್ನೊಂದು ಸಂಗತಿಯೆಂದರೆ, ಇಷ್ಟೆಲ್ಲ ಆದರೂ ಮಲಬಾರಿನ ನೆಲ ಪೋರ್ಚುಗೀಸರಿಗೆ ದಕ್ಕಲಿಲ್ಲವೆಂಬುದು. 1503ರಲ್ಲಿ ಕೊಚ್ಚಿಯಲ್ಲಿ ಕೋಟೆ ಕಟ್ಟಿದರು. ಕಲ್ಲಿಕೋಟೆಯಲ್ಲಿಯೂ ಒಂದನ್ನು ಕಟ್ಟಿ 1525ರಲ್ಲಿ ಬಿಟ್ಟು ಹೋಗಬೇಕಾಯಿತು. 1531ರಲ್ಲಿ ಚಾಲಿಯಂನಲ್ಲಿ ಕಟ್ಟಿದ್ದನ್ನು 1571ರಲ್ಲಿ ಸಾಮೂದಿರಿಯು ಹಿಡಿದು ಕೆಡವಿಸಿದನು. ಕುಂಞಾಲಿ ಮರಕ್ಕಾರರೆಂಬ ನಾವಿಕವಂಶದವರು ಸಣ್ಣ ಸಣ್ಣ ಓಡಗಳಿಂದ ದೊಡ್ಡ ಹಡಗುಗಳನ್ನು ಸುತ್ತುಗಟ್ಟಿ ನಾಲ್ಕು ತಲೆಮಾರು ಹೋರಾಡಿದರು. ಕಡೆಗೆ ಸಾಮೂದಿರಿಯೇ ಶತ್ರುವಿನೊಡನೆ ಕೈಜೋಡಿಸಿ ನಾಲ್ಕನೆಯ ಕುಂಞಾಲಿಯನ್ನು ಹಿಡಿದುಕೊಟ್ಟನು. 1600ರಲ್ಲಿ ಗೋವೆಯಲ್ಲಿ ಅವನ ತಲೆ ಹೊಡೆದರು. ಫಿರಂಗಿ ಮಾಡಲಾರದುದನ್ನು ಮನೆಯ ಒಡಕು ಮಾಡಿತು.

ಇಲ್ಲಿ ನಮ್ಮದೊಂದು ಆಕ್ಷೇಪಣೆಯಿದೆ. ಪಣಿಕ್ಕರರ ಗ್ರಂಥದ ಕಣ್ಣು ಮಲಬಾರಿನ ಮೇಲೆ. ಅದಕ್ಕೆ ಬಡಗಣದಲ್ಲಿರುವ ನಮ್ಮ ಕನ್ನಡ ಕರಾವಳಿಯೂ ಅದೇ ಬೆಂಕಿಯಲ್ಲಿ ಬೆಂದಿತು. 1502ರಲ್ಲಿ ಗಾಮನ ಹಡಗುಗಳು ಹೊನ್ನಾವರದಲ್ಲಿ ನಾವೆಗಳನ್ನು ಸುಟ್ಟು ಭಟ್ಕಳವನ್ನು ಬೆದರಿಸಿ ಅಕ್ಕಿಯ ಕಪ್ಪವನ್ನು ಗೊತ್ತುಮಾಡಿದುವು. 1505ರಲ್ಲಿ ಆಲ್ಮೇಡನು ಅಂಜುದೀವದಲ್ಲಿ ಕೋಟೆ ಕಟ್ಟಿ ಹೊನ್ನಾವರಕ್ಕೆ ಮತ್ತೆ ಕಿಚ್ಚಿಟ್ಟನು. 1510ರಲ್ಲಿ ಅಲ್ಬುಕರ್ಕನು ಗೋವೆಯನ್ನು ಹಿಡಿಯುವುದಕ್ಕೆ ದಾರಿ ತೋರಿಸಿದವನು ಹೊನ್ನಾವರದ ಕಡೆಯ ಒಬ್ಬ ನಾವಿಕನೇ. ಪೋರ್ಚುಗೀಸರು ಅವನನ್ನು ತಿಮೋಜನೆಂದು ಬರೆದಿದ್ದಾರೆ. ವಿಜಯನಗರಕ್ಕೆ ಅರಬೀ ಕುದುರೆಗಳನ್ನು ಇಳಿಸುತ್ತಿದ್ದ ಭಟ್ಕಳದ ವ್ಯಾಪಾರ ಗೋವೆಗೆ ಹರಿದುಹೋಯಿತು. 1542ರಲ್ಲಿ ಆ ಊರನ್ನೇ ಸುಟ್ಟರು. 1568–69ರಲ್ಲಿ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಅವರ ಕೋಟೆಗಳೆದ್ದುವು. ಗೋವೆಯ ಹೊಟ್ಟೆ ತುಂಬಿದುದು ನಮ್ಮ ಕರಾವಳಿಯ ಅಕ್ಕಿಯಿಂದ. ಬಸರೂರಿನ ರೇವಿನಿಂದ ಹೊರಟ ಅಕ್ಕಿ ಅರಬಸ್ಥಾನದ ಮಸ್ಕತ್ತಿನವರೆಗೂ ಹೋಗುತ್ತಿತ್ತು. ಉಳ್ಳಾಲದ ಚೌಟರಾಣಿ ಅಬ್ಬಕ್ಕನು ಕಪ್ಪ ಕೊಡಲೊಲ್ಲದೆ ಅವರನ್ನು ಎದುರಿಸಿದುದನ್ನು ನಮ್ಮ ಯಕ್ಷಗಾನದವರೂ ಮರೆತಿಲ್ಲ. ಭಾರತದ ತಟರಕ್ಷಣಾ ಪಡೆಯು 2012ರಲ್ಲಿ ಒಂದು ಹಡಗಿಗೆ ಅವಳ ಹೆಸರನ್ನಿಟ್ಟಿತು. ಕಡೆಗೆ 1650ರ ದಶಕದಲ್ಲಿ ಇಕ್ಕೇರಿಯ ಶಿವಪ್ಪನಾಯಕನು ಆ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡನು. ಈ ಭಾಗದ ಕಥೆಯನ್ನು ಗೋವೆಯ ದಾಖಲೆಗಳಿಂದ ವಿಸ್ತಾರವಾಗಿ ತೆಗೆದು ಬರೆದವರು ಮುಂದಿನ ತಲೆಮಾರಿನ ಡಾ. ಬಿ. ಎಸ್. ಶಾಸ್ತ್ರಿಯವರಂಥ ವಿದ್ವಾಂಸರು. ದಾರಿ ಕಡಿದವರು ಪಣಿಕ್ಕರರೇ ಎಂಬುದನ್ನು ಮಾತ್ರ ಅಲ್ಲಗಳೆಯಲಾಗದು.

ಪರಂಗಿಯವರ ಕುರುಹು ಕೋಟೆಯ ಕಲ್ಲಿನಲ್ಲಿ ಮಾತ್ರವೇ ಇದೆಯೆಂದು ತಿಳಿಯಬಾರದು; ಹೋಟೆಲಿನ ಅಡಿಗೆಮನೆಯಲ್ಲಿ ಇನ್ನೂ ಹೆಚ್ಚಾಗಿದೆ. ನಮ್ಮ ಭಟ್ಟರು ಬೆಳಗಿನ ಜಾವ ಎದ್ದು ಸಾಂಬಾರಿಗೆ ಹುರಿಯುವ ಒಣಮೆಣಸು ಅಮೆರಿಕ ಖಂಡದ ಬೆಳೆ. ಅದು ಈ ನಾಡಿಗೆ ಬಂದುದು ಪೋರ್ಚುಗೀಸರ ಹಡಗಿನಲ್ಲಿ. ಅದಕ್ಕೆ ಮೊದಲು ಖಾರಕ್ಕೆ ಕಾಳುಮೆಣಸೇ ಗತಿ. ಗೇರುಬೀಜ, ಅನಾನಸು, ಪೇರಳೆಗಳೂ ಹಾಗೆಯೇ ಬಂದುವು. ಮೈಸೂರು ಕಡೆಯವರು ಪಪ್ಪಾಯಿಯನ್ನು ಪರಂಗಿಹಣ್ಣೆಂದೇ ಕರೆಯುತ್ತಾರೆ. ಮಸಾಲೆದೋಸೆಯ ಒಳಗಿನ ಆಲೂಗಡ್ಡೆಯನ್ನು ನಮ್ಮೂರಿನ ಮಾಣಿಗಳು ಬಟಾಟೆ ಎನ್ನುವುದು ಶುದ್ಧ ಪೋರ್ಚುಗೀಸ್ ಮಾತು. ನೀರು ತುಂಬುವ ಬಾಲ್ದಿ, ಗಲ್ಲಾಪೆಟ್ಟಿಗೆಯ ಚಾವಿ, ಬಟ್ಟೆಗೆ ಹಾಕುವ ಇಸ್ತ್ರಿ, ಮೇಲೆ ಹೇಳಿದ ಇಗರ್ಜಿ, ಎಲ್ಲವೂ ಅದೇ ಮೂಲದವು. ಕಾಳುಮೆಣಸನ್ನು ಒಯ್ಯಲು ಬಂದವರು ಒಣಮೆಣಸನ್ನು ಬಿಟ್ಟುಹೋದರು. ಈ ಲೆಕ್ಕದಲ್ಲಿ ಲಾಭ ಯಾರಿಗೆಂಬುದನ್ನು ಹೋಟೆಲಿನವನಾಗಿ ಹೇಳಬೇಕಾದರೆ ನಮಗೂ ಸ್ವಲ್ಪ ಸಂಕೋಚವೇ.

ಗ್ರಂಥರಚನೆಯಿಂದ ಹೊಟ್ಟೆ ತುಂಬುವ ಕಾಲ ಅದಲ್ಲ. ಪಣಿಕ್ಕರರು ದೇಶೀಯ ರಾಜರ ಸೇವೆಗೆ ಸೇರಿದರು. ನರೇಂದ್ರ ಮಂಡಲದ ಕಾರ್ಯದರ್ಶಿಗಳಾಗಿ, ಪಟಿಯಾಲದ ಮಂತ್ರಿಗಳಾಗಿ, ಬಿಕಾನೇರಿನ ದಿವಾನರಾಗಿ ಸುಮಾರು ಇಪ್ಪತ್ತು ವರ್ಷ ಕಳೆದರು. ಲಂಡನ್ನಿನ ದುಂಡುಮೇಜಿನ ಪರಿಷತ್ತುಗಳಲ್ಲಿಯೂ ಇದ್ದರು. ಸಂಸ್ಥಾನಗಳ ದರ್ಬಾರುಗಳಲ್ಲಿ ಇದ್ದುಕೊಂಡೇ ಮಲಯಾಳದಲ್ಲಿ ಕಾದಂಬರಿಗಳನ್ನು ಬರೆದರು. ಅವುಗಳಲ್ಲೊಂದಾದ ‘ಪರಂಕಿಪ್ಪಡಯಾಳಿ’ಯ ಹೆಸರಿಗೆ ಪರಂಗಿ ಸಿಪಾಯಿ ಎಂದರ್ಥ. ಪಳಶ್ಶಿರಾಜನ ವಿಷಯವಾದ ‘ಕೇರಳಸಿಂಹಂ’ ಬಹಳ ಪ್ರಸಿದ್ಧವಾಯಿತು.

ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945ರಲ್ಲಿ, ಭಾರತ ಮತ್ತು ಹಿಂದೂ ಮಹಾಸಾಗರದ ವಿಷಯವಾಗಿ ಒಂದು ಚಿಕ್ಕ ಗ್ರಂಥವನ್ನು ಹೊರತಂದರು. ಭೂಮಾರ್ಗದಿಂದ ಬಂದ ದಂಡುಗಳು ಕಾಲಕ್ರಮದಲ್ಲಿ ಈ ದೇಶದವರೇ ಆಗಿಹೋದವು. ಸ್ವಾತಂತ್ರ್ಯ ನಿಜವಾಗಿ ಕೈಬಿಟ್ಟುದು 16ನೆಯ ಶತಮಾನದ ಆರಂಭದಲ್ಲಿ ಸಮುದ್ರದ ಒಡೆತನ ತಪ್ಪಿದಾಗ ಎಂಬುದು ಅದರ ಸಾರ. ಚೋಳರಿಗಿದ್ದ ನೌಕಾಬಲದ ಎಚ್ಚರ ದಿಲ್ಲಿಯ ಬಾದಶಹರಿಗೆ ಇರಲಿಲ್ಲವೆಂದೂ, ನಾಳೆ ಸ್ವತಂತ್ರವಾಗುವ ಭಾರತವು ನೌಕಾಪಡೆಯನ್ನು ಅಲಕ್ಷ್ಯ ಮಾಡಬಾರದೆಂದೂ ಅವರು ಒತ್ತಿ ಹೇಳಿದರು. ಸ್ವಾತಂತ್ರ್ಯಕ್ಕೆ ಇನ್ನೂ ಎರಡು ವರ್ಷವಿದ್ದಾಗ ಬರೆದ ಮಾತು ಇದು. ಇಂದು ಹಿಂದೂ ಮಹಾಸಾಗರದ ರಾಜಕಾರಣವನ್ನು ಚರ್ಚಿಸುವವರು ಅವರ ಹೆಸರನ್ನೆತ್ತದೆ ಮುಂದುವರಿಯುವುದಿಲ್ಲ.

1953ರಲ್ಲಿ ಹೊರಬಂದ ‘ಏಷ್ಯಾ ಮತ್ತು ಪಾಶ್ಚಾತ್ಯ ಪ್ರಭುತ್ವ’ ಎಂಬರ್ಥದ ಗ್ರಂಥವು ಅವರನ್ನು ಲೋಕವಿಖ್ಯಾತರನ್ನಾಗಿ ಮಾಡಿತು. ಅದರಲ್ಲಿ 1498ರಿಂದ 1945ರ ವರೆಗಿನ ಕಾಲಕ್ಕೆಲ್ಲ ಅವರು ಒಂದೇ ಹೆಸರಿಟ್ಟರು: ವಾಸ್ಕೊ ಡ ಗಾಮನ ಯುಗ. ಸಾಗರಬಲವುಳ್ಳವರು ಏಷ್ಯದ ಭೂಭಾಗಗಳನ್ನು ಅದುಮಿ ಹಿಡಿದುದೇ ಆ ಯುಗದ ಲಕ್ಷಣವೆಂದು ಸಾಧಿಸಿದರು. ಪಾದ್ರಿಗಳ ಕಾರ್ಯವನ್ನೂ ಆ ಪ್ರಭುತ್ವದೊಡನೆ ಸೇರಿಸಿ ವಿಮರ್ಶಿಸಿದುದರಿಂದ ಕ್ರೈಸ್ತ ವಿದ್ವಾಂಸರು ತೀವ್ರವಾಗಿ ಪ್ರತಿಭಟಿಸಿದರು. ಪಾದ್ರಿಗಳ ಕಾಲೇಜಿನಲ್ಲಿ ಓದಿದವರೇ ಹೀಗೆ ಬರೆದರೆಂಬ ನೋವು ಅದರಲ್ಲಿ ಕೂಡಿರಬಹುದು. ತರುವಾಯದ ಸಂಶೋಧಕರು ಬೇರೆ ಆಕ್ಷೇಪಣೆಯನ್ನೂ ಎತ್ತಿದ್ದಾರೆ. ಪೋರ್ಚುಗೀಸರ ಹಿಡಿತ ಅಷ್ಟು ಬಿಗಿಯಾಗಿರಲಿಲ್ಲ. ಗುಜರಾತಿನ ವರ್ತಕರು ಕರ್ತಾಸ್ ಪಡೆದುಕೊಂಡೋ ಕಣ್ಣು ತಪ್ಪಿಸಿಯೋ ವ್ಯಾಪಾರವನ್ನು ಬೆಳೆಸುತ್ತಲೇ ಹೋದರು. ಅಧಿಕಾರಿಗಳು ಲಂಚಕ್ಕೆ ಬಾಯ್ಬಿಡುತ್ತಿದ್ದರು. ಆದುದರಿಂದ ನಾಲ್ಕೂವರೆ ಶತಮಾನಗಳಿಗೆ ಗಾಮನೊಬ್ಬನ ಹೆಸರಿಡುವುದು ಅವನಿಗೆ ಸಲ್ಲಬೇಕಾದುದಕ್ಕಿಂತ ಹೆಚ್ಚಿನ ಗೌರವವೆಂದು ಅವರ ವಾದ. ನಮಗೆ ಈ ವಾದ ಸರಿಯೆಂದೇ ತ

ೋರುತ್ತದೆ. ಆದರೂ ನಮ್ಮ ಮಕ್ಕಳಿಗೆ ಖೈಬರಿನ ಜೊತೆಗೆ ಕಲ್ಲಿಕೋಟೆಯನ್ನೂ ಕಲಿಸಬೇಕೆಂಬ ಎಚ್ಚರ ಹುಟ್ಟಿದುದು ಪಣಿಕ್ಕರರಿಂದ.

ರಾಯಭಾರಿಯಾಗಿ ಅವರು 1948ರಲ್ಲಿ ಚೀನಕ್ಕೆ ಹೋದರು. ಚಿಯಾಂಗ್ ಕೈ-ಷೇಕನ ಪತನವನ್ನೂ ಮಾವೋನ ಆಗಮನವನ್ನೂ ಕಣ್ಣಾರೆ ಕಂಡರು. 1950ರ ಅಕ್ಟೋಬರಿನಲ್ಲಿ ಅಮೆರಿಕನ್ನರು ಕೊರಿಯದಲ್ಲಿ ಗಡಿರೇಖೆಯನ್ನು ದಾಟಿದರೆ ಚೀನವು ಯುದ್ಧಕ್ಕಿಳಿಯುವುದೆಂದು ಚೌ ಎನ್-ಲಾಯ್ ನಡುರಾತ್ರಿಯಲ್ಲಿ ಕರೆಸಿ ತಿಳಿಸಿದುದು ಇವರಿಗೇ. ಅಮೆರಿಕನ್ನರು ನಂಬಲಿಲ್ಲ, ಮಾತು ನಿಜವಾಯಿತು. ಟಿಬೆಟ್ಟಿನ ವಿಷಯದಲ್ಲಿ ಅವರು ಚೀನಕ್ಕೆ ತೀರ ಮೃದುವಾದರೆಂಬ ಅಪವಾದವೂ ಇದೆ. 1962ರ ಯುದ್ಧದ ತರುವಾಯ ಅದು ಬಲವಾಯಿತು. ಆಮೇಲೆ ಈಜಿಪ್ಟಿನಲ್ಲಿ ಸ್ವಲ್ಪ ಕಾಲ ರಾಯಭಾರಿಯಾಗಿದ್ದರು.

ಈಗ ಕಾಸರಗೋಡಿನ ಮಾತಿಗೆ ಬರೋಣ. 1953ರ ಡಿಸೆಂಬರಿನಲ್ಲಿ ಭಾರತ ಸರ್ಕಾರವು ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಫಜಲ್ ಅಲಿಯವರು ಅಧ್ಯಕ್ಷರು; ಪಂಡಿತ ಹೃದಯನಾಥ ಕುಂಜ್ರು ಮತ್ತು ಪಣಿಕ್ಕರ್ ಸದಸ್ಯರು. 1955ರ ಸೆಪ್ಟೆಂಬರ್ 30ರಂದು ಅವರ ವರದಿ ಸಿದ್ಧವಾಯಿತು. ಮುಂಬಯಿ, ಹೈದರಾಬಾದು, ಮದರಾಸು, ಕೊಡಗುಗಳಲ್ಲಿ ಹರಿದುಹಂಚಿಹೋಗಿದ್ದ ಕನ್ನಡಿಗರನ್ನು ಒಂದೇ ರಾಜ್ಯದಲ್ಲಿ ಕೂಡಿಸಬೇಕೆಂದು ಶಿಫಾರಸು ಮಾಡಿದುದು ಆ ವರದಿಯೇ. ಆ ಉಪಕಾರವನ್ನು ನೆನೆಯಬೇಕು. ಆದರೆ ಅದೇ ವರದಿಯು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕನ್ನು ಇಡಿಯಾಗಿ ಕೇರಳಕ್ಕೆ ಕೊಡಬೇಕೆಂದಿತು. ಇಡೀ ತಾಲೂಕನ್ನು ಒಂದಾಗಿ ಎಣಿಸಿದರೆ ಮಲಯಾಳ ಮಾತನಾಡುವವರೇ ಹೆಚ್ಚೆಂಬುದು ಆಧಾರ. ಚಂದ್ರಗಿರಿ ಹೊಳೆಯೇ ಸಹಜವಾದ ಎಲ್ಲೆ, ಅದರ ಉತ್ತರದ ಭಾಗ ಕನ್ನಡದ್ದು ಎಂಬ ನಮ್ಮವರ ಕೂಗು ಸಲ್ಲಲಿಲ್ಲ. 1956ನೆಯ ನವೆಂಬರ್ 1ರಂದು ಗಡಿಯು ತಲಪಾಡಿಯಲ್ಲಿ ಬಿದ್ದಿತು. ಪೋರ್ಚುಗೀಸರನ್ನು ಎದುರಿಸಿದ ಅಬ್ಬಕ್ಕನ ಉಳ್ಳಾಲ ಅಲ್ಲಿಂದ ಕೆಲವೇ ಮೈಲು. ಕಯ್ಯಾರ ಕಿಞ್ಞಣ್ಣ ರೈಗಳು ಮುಂತಾದವರು ಬಾಳಿನುದ್ದಕ್ಕೂ ಈ ನೋವನ್ನು ಹೇಳುತ್ತ ಬಂದರು. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು, ಅವರೂ ಮದರಾಸಿನಲ್ಲಿಯೇ ಓದಿ ಚರಿತ್ರೆಯ ಸಂಶೋಧನೆಯಲ್ಲಿ ಮುಳುಗಿದ್ದ ಪಂಡಿತರು, ಮನೆಯಿಂದ ಹೆಜ್ಜೆ ಕದಲಿಸದೆ ಬೇರೆ ರಾಜ್ಯದವರಾದರು.

ಮಲಯಾಳಿಯಾದ ಪಣಿಕ್ಕರರು ಆಯೋಗದಲ್ಲಿದ್ದುದೇ ಇದಕ್ಕೆ ಕಾರಣವೆಂದು ಕನ್ನಡಿಗರು ಅಂದಿನಿಂದ ಹೇಳುತ್ತ ಬಂದಿದ್ದಾರೆ. ಅವರ ಮನಸ್ಸನ್ನು ಹೊಕ್ಕು ನೋಡಿದವರಿಲ್ಲ. ವರದಿಗೆ ಮೂವರೂ ರುಜು ಹಾಕಿದ್ದಾರೆ. ಅದೇ ವರದಿಯು ತಿರುವಾಂಕೂರಿನ ತೋವಾಳ, ಅಗಸ್ತೀಶ್ವರಂ, ಕಲ್ಕುಳಂ, ವಿಳವಂಕೋಡು ತಾಲೂಕುಗಳನ್ನು ಮದರಾಸಿಗೆ ಕೊಟ್ಟು ಕನ್ಯಾಕುಮಾರಿಯನ್ನೇ ಅವರ ಹುಟ್ಟುನಾಡಿನಿಂದ ಬೇರ್ಪಡಿಸಿತೆಂಬುದನ್ನೂ ಹೇಳಬೇಕು. ಆದರೆ ಒಂದು ಸಂಗತಿ ನಮ್ಮ ಮನಸ್ಸಿನಲ್ಲಿ ಮುಳ್ಳಿನಂತೆ ನಿಂತಿದೆ. ಬಿಹಾರದೊಡನೆ ದೀರ್ಘ ಸಂಬಂಧವಿದ್ದ ಕಾರಣ ಅಧ್ಯಕ್ಷ ಫಜಲ್ ಅಲಿಯವರು ಬಿಹಾರದ ಗಡಿಯ ವಿವಾದಗಳ ವಿಚಾರಣೆಯಲ್ಲಿ ಭಾಗವಹಿಸದೆ ದೂರ ನಿಂತರು. ಪಣಿಕ್ಕರರು ಕೇರಳದ ಗಡಿಯ ವಿಷಯದಲ್ಲಿ ಹಾಗೆ ನಿಲ್ಲಲಿಲ್ಲ. ನಿಂತಿದ್ದರೂ ತೀರ್ಪು ಅದೇ ಆಗುತ್ತಿತ್ತೋ ಏನೋ. ನಮ್ಮವರ ಬಾಯಿಯಾದರೂ ಕಟ್ಟುತ್ತಿತ್ತು. ಇನ್ನೊಬ್ಬರ ಕಡತಗಳನ್ನು ಅಷ್ಟು ನಿಷ್ಠುರವಾಗಿ ಓದಿದವರು ತಮ್ಮ ಹೆಸರು ಮುಂದೆ ಯಾವ ಕಡತದಲ್ಲಿ ಹೇಗೆ ಓದಲ್ಪಡುವುದೆಂಬುದನ್ನು ಆಲೋಚಿಸಬೇಕಾಗಿತ್ತು. ಅವರು ತೀರಿಕೊಂಡ ಮೇಲೆ, 1967ರಲ್ಲಿ, ಮಹಾಜನ ಆಯೋಗವು ಚಂದ್ರಗಿರಿಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ವರದಿ ಮಾಡಿತು. ಆ ವರದಿ ಕಾರ್ಯರೂಪಕ್ಕೆ ಬರಲಿಲ್ಲ.

1956ರಿಂದ 1959ರ ವರೆಗೆ ಪಣಿಕ್ಕರರು ಫ್ರಾನ್ಸಿನಲ್ಲಿ ರಾಯಭಾರಿಯಾಗಿದ್ದು, ಹಿಂದಿರುಗಿ ರಾಜ್ಯಸಭೆಗೆ ನಾಮಕರಣ ಹೊಂದಿದರು. ತಾರುಣ್ಯದಲ್ಲಿ ಬರೆದ ಪೋರ್ಚುಗೀಸರ ಮತ್ತು ಡಚ್ಚರ ಚರಿತ್ರೆಗಳನ್ನು 1801ರ ವರೆಗೆ ಮುಂದುವರಿಸಿ ಕೇರಳದ ಚರಿತ್ರೆಯಾಗಿ ರೂಪಿಸಿದಾಗ, 1960ರಲ್ಲಿ, ಅದನ್ನು ಪ್ರಕಟಿಸಿದುದು ನಮ್ಮ ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯ. 1961ರ ಡಿಸೆಂಬರ್ 19ರಂದು ಭಾರತದ ಸೈನ್ಯ ಗೋವೆಯನ್ನು ಬಿಡಿಸಿಕೊಂಡಿತು. ಅಲ್ಬುಕರ್ಕನು ಹೊಕ್ಕ 451 ವರ್ಷಗಳ ಮೇಲೆ ಪರಂಗಿಯವರ ಕೊನೆಯ ಬಾವುಟ ಇಳಿಯಿತು. ಆ ಸಾಮ್ರಾಜ್ಯದ ಹುಟ್ಟನ್ನು ಲಿಸ್ಬನ್ನಿನ ಕಾಗದಗಳಲ್ಲಿ ಓದಿದವರು ಅದರ ಸಾವನ್ನು ದಿನಪತ್ರಿಕೆಯಲ್ಲಿ ಓದುವ ಹೊತ್ತಿಗೆ ಅರುವತ್ತಾರು ವರ್ಷದವರಾಗಿದ್ದರು.

ಕಾಶ್ಮೀರದ ವಿಶ್ವವಿದ್ಯಾಲಯದಲ್ಲಿ ಕುಲಪತಿಗಳಾಗಿದ್ದು, 1963ರಲ್ಲಿ ಅವರು ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಬಂದರು. ಮೂರು ವರ್ಷಗಳ ಹಿಂದಿನವರೆಗೆ ಕುವೆಂಪು ಅವರು ಕುಳಿತಿದ್ದ ಸ್ಥಾನವದು. ಅಲೀಗಢದ ತರಗತಿಯಿಂದ ಹೊರಟು ಪತ್ರಿಕೆ, ದರ್ಬಾರು, ರಾಯಭಾರಗಳನ್ನೆಲ್ಲ ಸುತ್ತಿ ಬಂದ ಪ್ರಾಧ್ಯಾಪಕರು ಕಡೆಗೆ ವಿದ್ಯಾರ್ಥಿಗಳ ನಡುವೆಯೇ ಬಂದು ಸೇರಿದಂತಾಯಿತು. ಕೆಲಸಕ್ಕೆ ಕಾಲಾವಕಾಶವಿರಲಿಲ್ಲ. ಗಡಿಯಾಚೆ ಉಳಿದ ಗೋವಿಂದ ಪೈಗಳು ಅದೇ ವರ್ಷದ ಸೆಪ್ಟೆಂಬರ್ 6ರಂದು ತೀರಿಕೊಂಡಿದ್ದರು. ಮೂರು ತಿಂಗಳ ತರುವಾಯ, ಡಿಸೆಂಬರ್ 10ರಂದು, ಸರ್ದಾರ್ ಪಣಿಕ್ಕರರು ಮೈಸೂರಿನಲ್ಲಿ, ಕನ್ನಡಿಗರ ನಡುವೆ, ತಮ್ಮ ಅರುವತ್ತೆಂಟನೆಯ ವಯಸ್ಸಿನಲ್ಲಿ ದೈವಾಧೀನರಾದರು.